ಬರಿಗೈ ದಿನದ ಚೀಲ

ಗುಜರಿಗೆ ಬಿದ್ದ ಟ್ರಕ್ಕಿನ ಸೀಟ್ ಬೆಲ್ಟು ಕೊಯ್ದು ತಂದು
ನನ್ನ ಹೊಲಿಗೆ ಮೇಜಿನ ಮೇಲೆ ಕೇರೆಹಾವಿನಂತೆ ಸುರಿದ
ಆರ್ವಿಲ್ ಟ್ವೆಟನ್, ಪಕ್ಕದ ಮನೆಯವ,
ವಿರೋಕ್ವಾದಲ್ಲಿ ಮೇಪಲ್ ಎಲೆ ಇನ್ನೂ ಹಸಿರಿದ್ದ ಆಗಸ್ಟಿನಲ್ಲಿ.
"ಅಡ್ಡಬಿಲ್ಲಿಗೆ ಹೆಗಲಪಟ್ಟಿ ಬೇಕು. ಆಯ್ತದಾ?"

ಆಯ್ತದೆ. ಪ್ಯಾಂಟಿನ ಜಿಪ್ಪು, ಮದುವೆ ಗೌನಿನ ಸೊಂಟ,
ಚರ್ಚಿನ ಪರದೆ, ಯಾರದೋ ನಾಯಿಯ ರೇನ್‌ಕೋಟು,
ಈ ಊರು ಹರಿದುಕೊಂಡದ್ದನ್ನೆಲ್ಲ ಕೂಡಿಸಿದವಳು ನಾನು.
ಹದಿನೆಂಟರ ಸೂಜಿ, ಮೇಣ ತಿಕ್ಕಿದ ದಾರ,
ಚೌಕ ಹೊಲಿದು ನಡುವೆ ಗುಣಾಕಾರದ ಗುರುತು.
ಎಳೆದು ನೋಡಿದ. ಇನ್ನೊಮ್ಮೆ ಎಳೆದು ನೋಡಿದ.
"ಟ್ರಕ್ಕು ಮಗುಚಿದಾಗ ನನ್ನ ಹಿಡಿದದ್ದು ಇದೇ ಪಟ್ಟಿ."

ಅದು ಹಿಡಿದ ಭುಜವೇ ಮುರಿದ ಭುಜ.
ಅವತ್ತಿನಿಂದ ಉದ್ದಬಿಲ್ಲು ಗೋಡೆಯ ಮೊಳೆಯಲ್ಲಿ,
ಅಡ್ಡಬಿಲ್ಲು ತೊಡೆಯ ಮೇಲೆ.

ಕೊಂಡು ತರಬಹುದಿತ್ತು ಎಲ್ಲ. ತರುವವನಲ್ಲ.
ನೀರಿನ ಕೊಳವೆ ಸೀಳಿ ಬತ್ತಳಿಕೆ ಮಾಡಿದ,
ತಳಕ್ಕೆ ಟೀವಿ ಪೆಟ್ಟಿಗೆಯ ಥರ್ಮೊಕೋಲು.
ಆಸ್ಪತ್ರೆಯ ಊರುಗೋಲು ಅರ್ಧಕ್ಕೆ ಕತ್ತರಿಸಿ ಬಿಲ್ಲಿಗೆ ಆನಿಕೆ.
ಹೆದೆ ಎಳೆಯುವ ಹಗ್ಗಕ್ಕೆ ಎರಡು ಹಿಡಿ ಸಾಲದೆ ಬಂದಾಗ
ಬಿರುಕು ಬಿಟ್ಟ ನನ್ನ ಹಿಟ್ಟಿನ ಕೋಲು ಅವನ ಕಣ್ಣಿಗೆ ಬಿತ್ತು.
ಗರಗಸ ಹಾಕಿದ. ರಾಗಿ ಕಂಡ ಮರ,
ನೀರು ಸೋಕಿದರೆ ಈಗಲೂ ಮುದ್ದೆಯ ವಾಸನೆ.

ಹಗ್ಗದ ಎರಡು ತೋಳೂ ಸಮ ಇರಬೇಕು:
ಒಂದು ಕಡೆ ಒಂದು ನೂಲು ಹೆಚ್ಚಾದರೂ
ಬಾಣ ಬೇರೆ ಮರ ನೋಡುತ್ತದೆ.
ಟೇಪು ಹಿಡಿದು ಅಳೆದೆ. "ಇದಕ್ಕೆ ನಿಮ್ಮಲ್ಲಿ ಏನಂತಾರೆ?"
ಹೆದೆ, ಅನ್ನಲು ಹೊರಟೆ.
ಮಳವಳ್ಳಿಯ ನಾಲಿಗೆ, ಹಕಾರ ನಿಲ್ಲುವುದಿಲ್ಲ.
ಎದೆ, ಎಂದು ಬಿತ್ತು. ಅವನು ಹಾಗೇ ಕಲಿತ.
ನಾನು ತಿದ್ದಲಿಲ್ಲ.

"ಎದೆ ಒಮ್ಮೆ ಏರಿಸಿದರೆ ಸುಮ್ಮನೆ ಇಳಿಸುವಂತಿಲ್ಲ" ಎಂದ.
ಬಾಣವಿಲ್ಲದೆ ಬಿಟ್ಟರೆ ಬಿಲ್ಲಿನ ರೆಕ್ಕೆಯೇ ಸೀಳಿ ಹೋದೀತು.
ಜಿಂಕೆ ಬಾರದ ದಿನ?
"ಯಾವುದಕ್ಕಾದರೂ ಹೊಡೆಯಲೇಬೇಕು."

ಅದಕ್ಕೇ ಈ ಚೀಲ. ದನದ ಮೇವಿನ ನಾಲ್ಕು ಗೋಣಿ ಜೋಡಿಸಿ
ಒಳಗೆ ತುರುಕಿದೆವು ನನ್ನಂಗಡಿಯ ಮೂರು ವರ್ಷದ ಅನಾಥ ಬಟ್ಟೆ,
ಹೊಲಿಸಲು ಕೊಟ್ಟು ಒಯ್ಯಲು ಬಾರದವರದು.
ಅವನು ಕಾಫಿಗೆ ಎದ್ದಾಗ, ನಡುವೆ, ಕೈ ಮೊಳಕೈವರೆಗೆ ಇಳಿಸಿ,
ಒಂದು ಕುಪ್ಪಸವನ್ನೂ ತಳ್ಳಿದೆ:
ತಂಗಿ ಚಿಕ್ಕತಾಯಿಗೆಂದು ಹೊಲಿದು
ಮಾತು ಬಿಟ್ಟ ಮೇಲೆ ಕಳಿಸದೆ ಉಳಿದದ್ದು. ಒಂಬತ್ತು ವರ್ಷ.

ಅಕ್ಟೋಬರಿನಿಂದ ದಿನಾ ಕತ್ತಲೆಗೆ ಹಿತ್ತಲಲ್ಲಿ
ಧಸ್.
ಸಾರಿಗೆ ಒಗ್ಗರಣೆ ಹಾಕುತ್ತಾ ಅಂದುಕೊಳ್ಳುವೆ, ಇವತ್ತೂ ಇಲ್ಲ.
ಧಸ್. ಇವತ್ತೂ.
ಒಂದು ಸಂಜೆ ಸದ್ದಿಲ್ಲ. ಒಲೆ ಆರಿಸಿ ಕಿಟಕಿಗೆ ಬಂದೆ.
ಗರಾಜಿನ ದೀಪ. ತೊಲೆಗೆ ನೇತುಬಿದ್ದ ಹೆಣ್ಣು ಜಿಂಕೆ,
ಅದರ ಕಿವಿಯ ಮೇಲಿನ್ನೂ ಕರಗದ ಮಂಜು.
"ಚೀಲಕ್ಕೆ ಇವತ್ತು ಉಪವಾಸ" ಎಂದ,
ನಗಲಿಲ್ಲ, ಬಾಣ ತೊಳೆಯುತ್ತಲೇ ಇದ್ದ.

ಜನವರಿಯಲ್ಲಿ ಬೇಟೆಯ ಕಾಲ ಮುಗಿಯಿತು.
ನಡು ಹರಿದ ಚೀಲವನ್ನು ಹೆಗಲ ಮೇಲೆ ಹೊತ್ತು ತಂದ,
ಹೆಣ ಹೊತ್ತವನಂತೆ, ಆ ಒಳ್ಳೆಯ ಹೆಗಲ ಮೇಲೆ.
ತೇಪೆ ಹಾಕಲು ತೂತಿನೊಳಗೆ ಕೈಯಿಟ್ಟೆ.
ಯಾರದೋ ಸೂಟು, ಯಾರದೋ ಲಂಗ,
ಆಮೇಲೆ ಬೆರಳಿಗೆ ಗುರುತು ಹತ್ತಿದ ನೂಲು.

ಬೆನ್ನೆಲ್ಲ ಜರಡಿ. ಒಂದು ತೋಳು ಮಾತ್ರ
ಮಡಿಕೆಯೊಳಗೆ ಅಡಗಿ, ಏನೂ ಆಗದೆ ಉಳಿದಿತ್ತು.
ಟೇಪು ಕೊರಳಲ್ಲೇ ಇತ್ತು. ಸುತ್ತು ಹತ್ತೂವರೆ ಇಂಚು,
ಅಂದಿನ ಲೆಕ್ಕ.
ಈಗ ಅವಳ ತೋಳು ಎಷ್ಟಿದೆಯೋ.