ಎಡದ ತೋಳು ಬಾಕಿ

ಏಳು ರವಿಕೆ ತೂಗುತ್ತಿವೆ ಹಗ್ಗದ ಮೇಲೆ,
ಏಳಕ್ಕೂ ಬಲದ ತೋಳಷ್ಟೇ.
ಎಡದ್ದು ಕತ್ತರಿಸಿಟ್ಟಿದ್ದೇನೆ, ಎಲ್ಲೋ.
ಇಸ್ತ್ರಿಪೆಟ್ಟಿಗೆ ಹಿಂದೆ ನೋಡಿದೆ, ಗುಂಡಿ ಡಬ್ಬಿಯಲ್ಲಿ ನೋಡಿದೆ,
ನೋಡುತ್ತ ನೋಡುತ್ತ ಗುಂಡಿಗಳನ್ನೆಲ್ಲ ಬಣ್ಣವಾರು ಜೋಡಿಸಿದೆ.
ಹನ್ನೊಂದೂವರೆ ಆಯಿತು.

ಪೆನ್ಷನ್ ಮೊಹಲ್ಲಾದ ಈ ಎಂಟಡಿ ಮಳಿಗೆಯಲ್ಲಿ
ಮೂರು ವಾರದಿಂದ ಮಾತ್ರೆಯಿಲ್ಲ.
"ಕಂಪನಿಯಿಂದಲೇ ಬರ್ತಿಲ್ಲ ಅಕ್ಕ" ಅನ್ನುತ್ತಾನೆ ಮೆಡಿಕಲ್ಲಿನ ಧರಣೇಂದ್ರ.
ಕಬ್ಬಿಣದ ಬೀರು ತೆಗೆದು, ಖಾಲಿ ಖಾನೆ ತೋರಿಸಿ,
ಮತ್ತೆ ಬೀಗ ಜಡಿಯುತ್ತಾನೆ.
ಖಾಲಿಗೂ ಬೀಗ. ಕಾನೂನಂತೆ.

ಮೂವತ್ತೊಂಬತ್ತಕ್ಕೆ ಗೊತ್ತಾಯಿತು, ಇದಕ್ಕೆ ಎಡಿಎಚ್‌ಡಿ ಅಂತ ಹೆಸರಿದೆಯೆಂದು.
ಅದಕ್ಕೂ ಮುಂಚೆ ಬೇರೆ ಹೆಸರಿದ್ದವು:
ಸೋಂಬೇರಿ, ಅರೆಮರುಳು, ಕಾಲಿಗೆ ಚಕ್ರ ಕಟ್ಟಿಕೊಂಡವಳು.
ಅತ್ತೆ ಇಟ್ಟದ್ದು, ಹಾಲು ಉಕ್ಕಿಸುವವಳು.
ಗೃಹಪ್ರವೇಶಕ್ಕೆ ಕರೆಯಿರಿ ನನ್ನನ್ನು, ದಕ್ಷಿಣೆ ಬೇಡ.

ಮಾತ್ರೆ ಅಂದರೆ ಏನು ಮಹಾ?
ತಲೆಯೊಳಗೆ ದಿನವೂ ಮಂಗಳವಾರ, ದಿನವೂ ಸಂತೆ.
ಅದು ಸಂತೆ ಎತ್ತಿಸುವುದಿಲ್ಲ,
ಒಬ್ಬಳ ದನಿ ಮಾತ್ರ ಬಿಡಿಸಿ ಕೇಳಿಸುತ್ತದೆ, ಅಷ್ಟೆ.
ಅವಳು ಹೇಳುವುದು: ಸೂಜಿಗೆ ದಾರ ಪೋಣಿಸು.

ಈಗ ಸುಮಯ್ಯಾಳನ್ನು ಎದುರಿಗೆ ಕೂರಿಸಿಕೊಳ್ಳುತ್ತೇನೆ,
ಕಾಜಾ ಹಾಕುವ ಹುಡುಗಿ.
ಅವಳೇನೂ ಮಾಡಬೇಕಿಲ್ಲ, ಇರಬೇಕು.
ಅವಳಿದ್ದರೆ ಹೊಲಿಗೆ ನೆಟ್ಟಗೆ ಹೋಗುತ್ತದೆ.
ಕತ್ತರಿಗೆ ದಾರ ಕಟ್ಟಿ ಮೇಜಿನ ಕಾಲಿಗೆ ಬಿಗಿದಿದ್ದೇನೆ, ಕರುವಿನ ಹಾಗೆ.
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ:
ಶುಕ್ರವಾರ ಪದ್ಮಲತಮ್ಮನ ಮಗಳ ಮದುವೆ.
ಯಾವ ಶುಕ್ರವಾರ, ಬರೆದಿಲ್ಲ.

ನಿನ್ನೆ ಧರಣೇಂದ್ರನ ಫೋನು. ಒಂದು ಸ್ಟ್ರಿಪ್ಪು ಬಂದಿದೆ. ಒಂದೇ.
ಓಡಿದೆ. ಒಂದು ಕಾಲಿಗೆ ನನ್ನ ಚಪ್ಪಲಿ, ಒಂದಕ್ಕೆ ಸುಮಯ್ಯಾಳದು.
ರಿಜಿಸ್ಟರಿಗೆ ಸಹಿ ಹಾಕುವಾಗ
ಪಕ್ಕದಲ್ಲೊಬ್ಬಳು ಅದೇ ಮಾತ್ರೆಯ ಚೀಟಿ ಚಾಚಿದಳು.
ದುದ್ದದಿಂದ ಬಂದಿದ್ದೀನಿ, ಇದು ಎರಡನೇ ಸಲ, ಅಂದಳು.
ಅವಳ ಹುಡುಗ ಬಾಗಿಲ ಬಳಿಯ ತೂಕದ ಯಂತ್ರದ ಮೇಲೆ
ಹತ್ತುವುದು ಇಳಿಯುವುದು, ಹತ್ತುವುದು ಇಳಿಯುವುದು,
ಹಾಕಿದ ಒಂದು ನಾಣ್ಯಕ್ಕೆ ಚೀಟಿ ಬಿದ್ದು ಎಷ್ಟೋ ಹೊತ್ತಾಗಿದೆ.
ಸ್ಕೂಲಲ್ಲಿ ಹೊರಗೆ ನಿಲ್ಲಿಸ್ತಾರೆ, ಅಂದಳು,
ನನಗಲ್ಲ, ಗಾಜಿನ ಕೌಂಟರಿಗೆ.

ನಾನು ಚೀಲದ ಜಿಪ್ಪು ಎಳೆದೆ.

ಎನ್.ಆರ್. ಸರ್ಕಲ್ಲಿನವರೆಗೂ ಬಂದು ನಿಂತೆ.
ವಾಪಸು ಕೊಟ್ಟುಬಿಡೋಣ, ಹುಡುಗನ ಹೆಸರಿಗೇ ಬರೆದುಕೊಳ್ಳಲಿ,
ನನ್ನದು ಬಾಕಿ ತೋಳು,
ಅವನದಿನ್ನೂ ಕತ್ತರಿ ಕಾಣದ ಬಟ್ಟೆ.
ತಿರುಗಿದೆ. ನಿಜವಾಗಿ ತಿರುಗಿದೆ.
ಆಲೂಗಡ್ಡೆ ಲಾರಿಯೊಂದು ಅಡ್ಡ ಬಂತು,
ಮೂಟೆ ಹರಿದು ಒಂದೊಂದೇ ಉದುರುತ್ತಿದ್ದವು,
ಟ್ರಾಫಿಕ್ಕಿನವನು ಸೀಟಿ ಬಿಟ್ಟು ಹೆಕ್ಕುತ್ತಿದ್ದ,
ನಾನೂ ಹೆಕ್ಕಿದೆ, ಸೆರಗಿನ ತುಂಬ.
ಆಮೇಲೆ ಲೇಸಿನಂಗಡಿ, ನವಿಲುಗತ್ತಿನ ಬಣ್ಣದ್ದು, ಮೀಟರಿಗೆ ಹದಿನೆಂಟು.
ಆಮೇಲೆ ಯಾರೋ ಮಾತಾಡಿಸಿದರು.
ಆಮೇಲೆ ಮನೆ.
ಪಲ್ಯಕ್ಕೆ ಸಾಸಿವೆ ಸಿಡಿಯುವಾಗ ನೆನಪಾಯಿತು.

ಮರೆತೆನೋ, ಮರೆಯಲು ಬಿಟ್ಟೆನೋ?
ಎಲ್ಲ ಮರೆವಿಗೂ ಡಾಕ್ಟರ ಚೀಟಿ ಇದೆ ನನ್ನ ಹತ್ತಿರ,
ಇದೊಂದಕ್ಕೆ ತೋರಿಸಲು ಕೈ ಬರುತ್ತಿಲ್ಲ.

ಬೆಳಿಗ್ಗೆ ನುಂಗಿದೆ.
ಹತ್ತೂವರೆಗೆ ಎಡದ ತೋಳುಗಳು ಸಿಕ್ಕವು,
ನಾನು ಕೂರುವ ದಿಂಬಿನ ಕೆಳಗೆ, ಮಡಿಸಿ, ನಾನೇ ಇಟ್ಟದ್ದು.
ನಾಲ್ಕು ಕೂಡಿಸಿದೆ. ಸುಮಯ್ಯಾ ಚಹಾ ತಂದಳು.
ಐದನೆಯದಕ್ಕೆ ಚೀಲದಿಂದ ಅಳತೆ ಪುಸ್ತಕ ತೆಗೆದರೆ
ಎದೆ ಮೂವತ್ತಾರು, ಸೊಂಟ ಮೂವತ್ತು,
ಅದೇ ಪುಟದಲ್ಲಿ ತೂಕದ ಯಂತ್ರದ ರಟ್ಟಿನ ಚೀಟಿ.
ಯಾವಾಗ ಹೆಕ್ಕಿದೆನೋ.
ಇಪ್ಪತ್ತೆರಡು ಕಿಲೋ.
ಹೆಸರಿಲ್ಲ, ಕೊಡಬೇಕಾದ ದಿನವಿಲ್ಲ.
ಗುಂಡುಸೂಜಿಯಿಂದ ಪುಟಕ್ಕೆ ಚುಚ್ಚಿ,
ಧರಣೇಂದ್ರನಿಗೆ ಫೋನು ಮಾಡೋಣವೆಂದು
ಫೋನು ಹುಡುಕತೊಡಗಿದೆ.