ಬಲಗೈಯ ಪೆಟ್ಟಿಗೆ

ಶಾಲೆಯ ಆಟದ ಹಾಲಿನಲ್ಲಿ, ಬ್ಯಾಸ್ಕೆಟ್‌ಬಾಲಿನ ಬಳೆಯ ಕೆಳಗೆ
ನನ್ನ ಮೇಜು. ಬಾಡಿಗೆ ಹನ್ನೆರಡು ಯೂರೋ, ಕುರ್ಚಿ ಪುಕ್ಕಟೆ.
ಸಾರೆಮಾ ದ್ವೀಪಕ್ಕೆ ಡಿಸೆಂಬರು ಬಂದಿದೆ,
ಮೂರೂವರೆಗೇ ಕತ್ತಲು.
ಹಡಗು ತಡವಾದರೆ ಗಿರಾಕಿಗಳೂ ತಡ.

ಎಡಕ್ಕೆ ಉರ್ಮಸ್: ಜೂನಿಪರ್ ಮರದ ಬೆಣ್ಣೆಚಾಕುಗಳು.
ಕೊಳ್ಳದವರೂ ಒಂದನ್ನೆತ್ತಿ ಮೂಸಿ ಇಟ್ಟುಹೋಗುತ್ತಾರೆ.
ಮೂಸಿದ್ದಕ್ಕೆ ಕಾಸು ಕೇಳಿದ್ದರೆ ಇಷ್ಟು ಹೊತ್ತಿಗೆ
ಮನೆಗೆ ಹೊಸ ಮಾಡು ಹಾಕಿಸುತ್ತಿದ್ದೆ ಅನ್ನುತ್ತಾನೆ,
ಹೋದ ವರ್ಷವೂ ಅಂದಿದ್ದ.
ಬಲಕ್ಕೆ ಕಾಯಾ. ಲಿನೋಲಿಯಂ ಕೆತ್ತಿ ಅಚ್ಚೊತ್ತಿದ
ನೀರುಕಾಗೆಗಳು, ಒಂದು ದೀಪಸ್ತಂಭ.
ಉಗುರಿನ ಸಂದಿಯಲ್ಲಿ ಇನ್ನೂ ಶಾಯಿ.
ಅವಳ ಕಾರ್ಡಿನ ಯಂತ್ರಕ್ಕೆ ಸಿಗ್ನಲ್ ಇಲ್ಲ,
ಎತ್ತಿ ಹಿಡಿದು ಕಿಟಕಿಯ ಬಳಿ ನಿಂತಿದ್ದಾಳೆ
ಹಡಗಿಗೆ ಲಾಟೀನು ತೋರುವವಳ ಹಾಗೆ.

ನನ್ನದು ಉಣ್ಣೆಯ ಕೈಗವಸು.
ಅಜ್ಜಿಯ ಊರಿನ ಹೆಣಿಗೆ: ಕಪ್ಪು ಬಿಳಿಯಲ್ಲಿ ಎಂಟು ಮೂಲೆಯ ನಕ್ಷತ್ರ,
ಮಣಿಕಟ್ಟಿಗೆ ಒಂದೆಳೆ ಕೆಂಪು.
ಒಂದು ಜೊತೆಗೆ ಇಪ್ಪತ್ತೆಂಟು ಗಂಟೆ.
ಅದನ್ನು ಯಾರೂ ಕೇಳುವುದಿಲ್ಲ, ಕೇಳುವುದು ಬೆಲೆ.
ನಲವತ್ತೈದು ಎಂದೊಡನೆ ಬಿಸಿ ಮುಟ್ಟಿದವರಂತೆ ಕೆಳಗಿಡುತ್ತಾರೆ:
ಅಂಗಡಿಯಲ್ಲಿ ಒಂಬತ್ತಕ್ಕೇ ಸಿಗುತ್ತದಲ್ಲ?
ಸಿಗುತ್ತದೆ. ನಾನೇ ಒಂದು ಜೊತೆ ತಂದಿದ್ದೇನೆ,
ಅಂಗಳದ ಹಿಮ ಎತ್ತಿಹಾಕಲಿಕ್ಕೆ.

ಬೋಣಿಗೆ ಮಾತ್ರ ವಾಲ್ದುರನದು, ಹನ್ನೊಂದು ವರ್ಷದಿಂದ.
ಬಾಗಿಲು ತೆರೆಯುವ ಮೊದಲೇ
ಹೊರಗೆ ಬೂಟು ಕುಟ್ಟಿ ಹಿಮ ಉದುರಿಸುವ ಸದ್ದು.
ಹಲಗೆ ಕೊಯ್ಯುವ ಮಿಲ್ಲಿನಲ್ಲಿದ್ದ.
ಗರಗಸ ಕೈಕೊಟ್ಟಿತು ಎಂದರು ಊರವರು.
ಇಲ್ಲ, ಕೈ ಕೊಟ್ಟವನು ನಾನು ಎಂದ ಇವನು,
ಬಲದ ತೋಳನ್ನು ಮಡಚಿ ಪಿನ್ನು ಚುಚ್ಚಿಕೊಂಡು.

ಮೊದಲ ಸಲ ಬಂದಾಗ ನಾನು ದೊಡ್ಡ ಮನಸ್ಸು ಮಾಡಲು ಹೋದೆ:
ಎಡಗೈಯದೊಂದೇ ಒಯ್ಯಿ, ಅರ್ಧ ಕೊಟ್ಟರೆ ಸಾಕು.
ನೀನು ಹೆಣೆದದ್ದು ಎಷ್ಟು?
ಎರಡು.
ಸರಿ ಮತ್ತೆ, ಎಂದ.
ಬಾಯಲ್ಲಿ ಪರ್ಸು ಕಚ್ಚಿ, ಒಂದೊಂದೇ ನೋಟು ಎಳೆದು,
ನಲವತ್ತೈದು ಎಣಿಸಿಟ್ಟ.
ಅಂಚನ್ನು ಹಲ್ಲಿನಿಂದ ಹಿಡಿದು ಎಡಗೈ ತೂರಿಸಿದ.
ಬಲದ್ದನ್ನು ನನ್ನ ಕಡೆಗೆ ಸರಿಸಿ
ಇದು ನಿನ್ನ ಹತ್ತಿರ ಇರಲಿ ಎಂದು ಹೊರಟೇಹೋದ.

ಆ ರಾತ್ರಿ ನನಗೆ ಸಿಟ್ಟು.
ಕನಿಕರ ತೋರಿಸಹೋದವಳಿಗೇ ಕನಿಕರವೇ?
ಮರುವರ್ಷ ಸಿಟ್ಟಿರಲಿಲ್ಲ.
ಮೂರನೆಯ ವರ್ಷ ಅವನ ಬೆರಳಿನ ಉದ್ದ ಬಾಯಿಪಾಠ.

ಆರನೆಯ ವರ್ಷ ಒಂದು ತಪ್ಪು ಮಾಡಿದೆ.
ಕೈ ನೋಯುತ್ತಿತ್ತು, ದಿನ ಸಾಲದು,
ತೊಡುವವರಿಲ್ಲದ ಬಲಗೈ ತಾನೇ ಎಂದು ಓಡಿಸಿ ಹೆಣೆದೆ.
ಹೆಬ್ಬೆರಳ ಬುಡದಲ್ಲಿ ಎರಡು ಕುಣಿಕೆ ಬಿಟ್ಟುಹೋಗಿತ್ತು.
ವಾಲ್ದುರ್ ಅದನ್ನೆತ್ತಿ ತಿರುವಿ ನೋಡಿದ.
ಆ ತೂತಿನ ಮೇಲೆ ಅವನ ಉಗುರು ಒಂದು ಗಳಿಗೆ ನಿಂತಿತು.
ಏನೂ ಅನ್ನಲಿಲ್ಲ. ದುಡ್ಡು ಪೂರ್ತಿ ಇಟ್ಟ.
ಮನೆಗೆ ಬಂದವಳೇ ಕೋಟು ಕಳಚದೆ
ಅಷ್ಟನ್ನೂ ಬಿಚ್ಚಿ, ಉಂಡೆ ಸುತ್ತಿ,
ಮತ್ತೆ ಮೊದಲಿನಿಂದ ಹೆಣೆದೆ
ಇಲ್ಲದ ಕೈಗೆ, ಅಳತೆಗೆ ಸರಿಯಾಗಿ.

ಈಗ ಮೇಜಿನ ತುದಿಯಲ್ಲಿ ಒಂದು ರಟ್ಟಿನ ಪೆಟ್ಟಿಗೆ.
ಹನ್ನೊಂದು ಬಲಗೈಗಳು, ಒಂದರ ಮೇಲೊಂದು.
ಮನೆಯಲ್ಲೇ ಬಿಟ್ಟು ಬರಬಹುದು. ಬಿಡುವುದಿಲ್ಲ.

ಹಡಗಿನಿಂದಿಳಿದ ಹೆಂಗಸೊಬ್ಬಳು ಒಂದನ್ನೆತ್ತಿ
ತೊಟ್ಟು, ಬೆರಳಾಡಿಸಿ ನೋಡಿ,
ಇದರ ಜೊತೆ ಎಲ್ಲಿ, ಎಂದಳು.
ಕಿಟಕಿಯಾಚೆ ವಾಲ್ದುರ್, ಕಂಕುಳಲ್ಲಿ ಬಕೆಟ್ಟು,
ಬರುವವರು ಜಾರದಂತೆ ದಾರಿಗೆ ಮರಳು ಎರಚುತ್ತಿದ್ದ.
ಕೆಲಸಕ್ಕೆ ಹೋಗಿದೆ, ಎಂದೆ.
ಹಾಗಾದರೆ ಇದೊಂದನ್ನೇ ಕೊಡಿ, ಗೋಡೆಗೆ ತೂಗುಹಾಕುತ್ತೇನೆ.
ಇಲ್ಲಮ್ಮ, ಅದು ಆಗಲೇ ಮಾರಿಹೋಗಿದೆ.

ಕಾಯಾಳ ಯಂತ್ರ ಕೊನೆಗೂ ಕುಂಯ್ ಎಂದಿತು,
ಒಂದು ನೀರುಕಾಗೆ ಹೋಯಿತು.
ಉರ್ಮಸ್ ಸುತ್ತ ನೋಡಿ
ತನ್ನದೇ ಚಾಕುವೊಂದನ್ನು ಮೂಗಿಗೆ ಹಿಡಿದ.