ನೀರಿನ ಲೆಕ್ಕ

ನನಗ ದಿನಕ್ಕ ಮೂರು ಲೀಟರ್,
ನಿನಗ ಮುಕ್ಕಾಲು.
ಎರಡೂ ಚೀಟಿ ಒಂದೇ ದವಾಖಾನಿದು,
ಮಹಡಿ ಅಷ್ಟೇ ಬ್ಯಾರೆ.

ಕೌಲ್‌ಬಜಾರಿನ ತಗಡಿನ ಖೋಲಿ, ಏಪ್ರಿಲ್ ಬಿಸಲು.
ನಾ ಗ್ಲಾಸ್ ಎತ್ತಿದಾಗೆಲ್ಲ
ನೀ ಗೋಡಿ ಕಡೆ ತಿರುಗಿ
ಜೀನ್ಸಿನ ಜೇಬಿಗೆ ದಾರ ಹುಡುಕ್ತಿ.
ಅದಕ್ಕ ನಾ ಬಚ್ಚಲದಾಗ ನಿಂತು ಕುಡೀತೀನಿ
ಕಳ್ಳಿ ಹಂಗ, ಗುಟುಕು ಸಪ್ಪಳಾಗದಂಗ.

ಮಂಗಳವಾರ, ಶುಕ್ರವಾರ
ತೂಕದ ಮಿಷನ್ ಹತ್ತಿ ಇಳೀತಿ:
ಹೋಗುವಾಗ ಐವತ್ತೆಂಟು, ಬರುವಾಗ ಐವತ್ತೈದೂವರಿ.
‘ಎರಡೂವರಿ ಕೇಜಿ ಎಲ್ಲಿ ಒಗದು ಬಂದಿ?’ ಅಂದ್ರ
‘ನಿನ್ನ ಕೂಸಿಗೆ ಕೊಟ್ಟೆ’ ಅಂತ ನಗ್ತಿ.
ನಿನ್ನ ಕೂಸು.
ನಮ್ಮದು ಅಂತಿದ್ದಿ, ಯುಗಾದಿ ತನಕ.
ಗಂಡನ ಹೆಸರು ಹಿಡಿದು ಕರೀಬಾರದು, ಗೊತ್ತು.
ಆದ್ರ ನಾ ಕೇಳಿಸ್ಕೊಂಡೀನಿ, ಹೊನ್ನೂರಸ್ವಾಮಿ.

ನಂದೂ ನಿಂದೂ ರಕ್ತ ಒಂದೇ ಗುಂಪು.
ನನ್ನ ಒಂದು ಕಿಡ್ನಿ ಕೊಡ್ತೀನಿ ಅಂದೆ.
ಡಾಕ್ಟರು ನನ್ನ ಹೊಟ್ಟಿ ನೋಡಿ
ಮುಂದಿನ ವರ್ಷ ಮಾತಾಡೋಣ ಅಂದ್ರು.
ವರ್ಷಕ್ಕ ನೂರಾ ನಾಕು ಸಲ ಸೂಜಿ.
ಕ್ಯಾಲೆಂಡರ್ ಬೆನ್ನು ಮಾಡಿ ತೂಗಹಾಕೀನಿ.

ರಾತ್ರಿ ಕರೆಂಟ್ ಹೋದಾಗ
ನಿನ್ನ ಎಡಗೈ ಎಳಕೊಂಡು ಹೊಟ್ಟಿ ಮ್ಯಾಲೆ ಇಟ್ಕೊಂಡೆ.
ಫಿಸ್ಟುಲಾ ಮಾಡಿದ ನರ ಗುರ್ ಅಂತೈತಿ,
ಮಲಗಿದ ಬೆಕ್ಕಿನಂಗ.
ಒಳಗಿಂದ ಒಂದು ಒದಿ.
ಇನ್ನೊಂದು.
‘ಸಿಟ್ಟು ಬಂತೇನು ಇದಕ್ಕ?’
‘ಇಲ್ಲ, ಯಾರು ಅಂತ ಕೇಳಕತ್ತೈತಿ. ಹೇಳು.’

ನೀ ಹೇಳಲಿಲ್ಲ.
ಇವತ್ತಿನ ಲೆಕ್ಕದಾಗ ಎರಡು ಗುಟುಕು ಉಳದಾವ ಅಂತ
ಎದ್ದು ಕುಂತಿ, ಕತ್ತಲದಾಗ ತಂಬಿಗಿ ತಡವಿದಿ.
ನಾನೂ ನನ್ನ ಗ್ಲಾಸ್ ತುಂಬಿಸಿಕೊಂಡೆ.
ನಿನ್ನ ಎದುರಿಗೇ ಕುಡದೆ,
ಗಟಗಟ, ಸಪ್ಪಳ ಮಾಡಿ.